ಹಳೆ ನಾಣ್ಯಕ್ಕೆ ಬೆಲೆ ಕಟ್ಟುವ ಬಗೆ: ಡಬ್ಬಿ ತೆರೆದಲ್ಲಿಂದ ಹರಾಜಿನವರೆಗೆ

ನಾಣ್ಯಕ್ಕೆ ನೂರು ವರ್ಷ ಆಯಿತೆಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆಗೆ ಎರಡು ಶತಮಾನ ಆಗುತ್ತಾ ಬಂತು. ಆದರೂ ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲಿ ಸವೆದ ಕಾಲಾಣೆಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಅದಕ್ಕಿಂತ ನೂರು ವರ್ಷ ಕಿರಿಯದಾದ 1939ರ ಆರನೇ ಜಾರ್ಜ್ ರೂಪಾಯಿ ಅಸಲಿ ಎಂದು ಗೊತ್ತಾದರೆ ಸಂಗ್ರಾಹಕರು ಪೈಪೋಟಿಗೆ ಬೀಳುತ್ತಾರೆ. ಬೆಲೆ ನಿಂತಿರುವುದು ಬೇರೆ ಪ್ರಶ್ನೆಗಳ ಮೇಲೆ: ಇದು ನಿಖರವಾಗಿ ಯಾವ ನಾಣ್ಯ, ಇಂಥವು ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿದೆ, ಮತ್ತು ಇದೇ ಸ್ಥಿತಿಯ ಇನ್ನೊಂದಕ್ಕೆ ಯಾರಾದರೂ ನಿಜವಾಗಿ ಎಷ್ಟು ದುಡ್ಡು ಕೊಟ್ಟಿದ್ದಾರೆ.

ಇವಕ್ಕೆಲ್ಲ ಮನೆಯ ಮೇಜಿನ ಮೇಲೆಯೇ ಬಹುಪಾಲು ಉತ್ತರ ಸಿಗುತ್ತದೆ.

ಮೊದಲನೆಯದು: ತೊಳೆಯಬೇಡಿ

ನಮ್ಮ ಕಡೆ ನಾಣ್ಯಗಳು ಹಾಳಾಗಿರುವುದು ಹೆಚ್ಚಾಗಿ ದೇವರ ಮನೆಯಲ್ಲೇ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ಕಳಶದಲ್ಲಿಟ್ಟ ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ, ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿರುತ್ತಾರೆ. ನಾಣ್ಯ ಫಳಫಳ ಹೊಳೆಯುತ್ತದೆ, ಆದರೆ ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆಲ್ಲ ಕೂದಲೆಳೆಯಂಥ ಗೀರುಗಳು. ಹುಣಸೆಯ ಹುಳಿ ತಾಮ್ರದ ನಾಣ್ಯದ ಮೇಲಿನ ಕಂದು ಪದರವನ್ನು ತಿಂದು ಒಳಗಿನ ಗುಲಾಬಿ ಬಣ್ಣವನ್ನು ಹೊರಗೆ ತರುತ್ತದೆ. ಆ ಪದರ ಕಟ್ಟಲು ಎಷ್ಟೋ ದಶಕ ಹಿಡಿದಿರುತ್ತದೆ, ಮತ್ತೆ ಹಾಗೇ ಬರುವುದಿಲ್ಲ. ಉಜ್ಜಿದ ನಾಣ್ಯವನ್ನು ಸಂಗ್ರಾಹಕರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಸಾಮಾನ್ಯ ವರ್ಷದ ರೂಪಾಯಿ ಆದರೆ ಬೆಳ್ಳಿಯ ಬೆಲೆಯಾದರೂ ಉಳಿಯುತ್ತದೆ, ಅಪರೂಪದ್ದಾದರೆ ಅರ್ಧಕ್ಕರ್ಧ ಹೋಗಬಹುದು.

ಕುಂಕುಮ, ಎಣ್ಣೆ, ಅರಿಶಿನ ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಐದು ನಿಮಿಷ ನೆನೆಹಾಕಿ, ಹೊರತೆಗೆದು ಹಾಗೇ ಒಣಗಲು ಬಿಡಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಒಲೆ, ದೀಪದ ಹತ್ತಿರ ಬೇಡ. ಕಿಟಕಿ ತೆರೆದು ಗಾಜಿನ ಬಟ್ಟಲಲ್ಲಿ ಮಾಡಿ. ಧೂಳು, ಮಣ್ಣು ಇದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ರಾತ್ರಿ ನೆನೆಸಿ, ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ ನೀರು ಹೀರಿಸಿ. ಉಜ್ಜುವುದಂತೂ ಬೇಡವೇ ಬೇಡ.

ಬೇಕಾಗುವ ಸಾಮಾನು

0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟಿನ ಭೂತಗನ್ನಡಿ, ಒಂದು ಗಟ್ಟಿ ಅಯಸ್ಕಾಂತ, ಮೇಜಿನ ದೀಪ. ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ತಕ್ಕಡಿಯ ಜೊತೆ ಬರುವ ತೂಕದ ಬಟ್ಟು ಇಟ್ಟು ಮೊದಲು ಸರಿ ನೋಡಿಕೊಳ್ಳಿ, ಫ್ಯಾನ್ ಆರಿಸಿ. ವಿಜಯನಗರದ 'ಹಣ' ಎಂಬಂಥ ಪುಟ್ಟ ಚಿನ್ನದ ನಾಣ್ಯ ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ಅದಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಕೆಳಗೆ ದಪ್ಪ ಟವೆಲ್ ಹಾಸಿರಿ. ನೆಲಕ್ಕೆ ಬಿದ್ದ ರೂಪಾಯಿಯ ಅಂಚಿನ ನೆಗ್ಗು ಆಮೇಲೆ ಹೋಗುವುದಿಲ್ಲ.

ನಾಣ್ಯ ಯಾವುದೆಂದು ಗುರುತಿಸುವುದು

ಎಲ್ಲವನ್ನೂ ಮೊದಲು ಕಾಲದ ಪ್ರಕಾರ ಗುಂಪು ಮಾಡಿ. ಬ್ರಿಟಿಷ್ ಕಾಲದ ರೂಪಾಯಿಗಳಲ್ಲಿ ತಲೆಯೇ ಗುರುತು. 1835ರದ್ದು ನಾಲ್ಕನೇ ವಿಲಿಯಂ. 1840ರದ್ದು ಕಿರೀಟವಿಲ್ಲದ ಎಳೆಯ ವಿಕ್ಟೋರಿಯಾ, ಹಿಂದೆ ಕಂಪನಿಯ ಹೆಸರು. 1862ರಿಂದ ಕಿರೀಟ ಬಂತು, 1877ರಿಂದ 'ಕ್ವೀನ್' ಹೋಗಿ 'ಎಂಪ್ರೆಸ್' ಆಯಿತು. 1903ರಿಂದ 1910 ಏಳನೇ ಎಡ್ವರ್ಡ್, 1911ರಿಂದ 1922 ಐದನೇ ಜಾರ್ಜ್, 1938ರಿಂದ 1945 ಆರನೇ ಜಾರ್ಜ್‌ನ ಬೆಳ್ಳಿ. 1947ರ ರೂಪಾಯಿ ನಿಕಲ್, ಅಯಸ್ಕಾಂತಕ್ಕೆ ಪಟಕ್ಕನೆ ಅಂಟುತ್ತದೆ. ಅದನ್ನು ಬೆಳ್ಳಿಯೆಂದು ಜೋಪಾನ ಮಾಡಿಕೊಂಡಿರುವ ಮನೆಗಳು ಕಡಿಮೆಯಲ್ಲ.

ಇಸವಿ ಓದುವಾಗ ಒಂದು ಎಚ್ಚರ. 1862ರ ರೂಪಾಯಿಯನ್ನು ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದರು. ಯಾವ ವರ್ಷದ್ದೆಂದು ಟಂಕಸಾಲೆಯವರಿಗೆ ತಿಳಿಯಲು ಚುಕ್ಕಿಗಳನ್ನು ಸೇರಿಸಿದರು. ಇಸವಿಯ ಸುತ್ತಮುತ್ತ ಎಷ್ಟು ಚುಕ್ಕಿ, ಎಲ್ಲೆಲ್ಲಿವೆ ಎಂಬುದರ ಮೇಲೆ ಒಂದು 1862 ಸಾಮಾನ್ಯ, ಇನ್ನೊಂದು ದುರ್ಲಭ. 1840ರ ರೂಪಾಯಿಯಲ್ಲೂ ಹೀಗೇ. ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಾಲಾಗಿ ಹರಿದಿದೆಯೋ, ತಲೆಯ ಎರಡೂ ಕಡೆಗೆ ಒಡೆದಿದೆಯೋ ನೋಡಿ, ಹಿಂಬದಿಯ ಹಾರದಲ್ಲಿ ಹಣ್ಣುಗಳು ಎಷ್ಟಿವೆ ಎಣಿಸಿ. ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಆಮೇಲೆ ಟಂಕಸಾಲೆಯ ಗುರುತು. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ ಕೆಳಗಿರುವ ಕಮಲದ ಅಡಿ ಉಬ್ಬಿದ ಚುಕ್ಕಿ ಇದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತ. ವಿಕ್ಟೋರಿಯಾ ನಾಣ್ಯಗಳಲ್ಲಿ ಇಸವಿಯ ಹತ್ತಿರ ಸಾಸಿವೆಯಷ್ಟು ಸಣ್ಣ 'ಬಿ' ಅಥವಾ 'ಸಿ' ಇರಬಹುದು. 1940ರ ದಶಕದ ಮಧ್ಯದಲ್ಲಿ 'ಎಲ್' ಕಂಡರೆ ಲಾಹೋರ್. ಸ್ವಾತಂತ್ರ್ಯಾನಂತರದ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಮುಂಬಯಿಗೆ, ನಕ್ಷತ್ರ ಹೈದರಾಬಾದಿಗೆ, ಚುಕ್ಕಿ ನೋಯ್ಡಾಕ್ಕೆ ಸೇರಿದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ಎರಡು ನಾಣ್ಯಕ್ಕೆ ಬೆಲೆಯಲ್ಲಿ ಹತ್ತು ಪಟ್ಟು ಅಂತರ ಬರುವುದು ಈ ಗುರುತಿನಿಂದಲೇ.

ಐದನೇ ಜಾರ್ಜ್‌ನ ರೂಪಾಯಿಗಳಲ್ಲಿ 1911ರದ್ದನ್ನು ಬೇರೆ ಎತ್ತಿಡಿ. ರಾಜನ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿದೆ. ಆ ವರ್ಷ ಅದರ ಸೊಂಡಿಲು ಮೋಟಾಗಿ, ಬಾಲ ಗಿಡ್ಡವಾಗಿ ಮೂಡಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ಆಕ್ಷೇಪಿಸಿದರು, ಸರಕಾರ ನಾಣ್ಯವನ್ನು ಹಿಂದಕ್ಕೆ ಪಡೆಯಿತು, ಬಹುಪಾಲು ಕರಗಿಸಿತು, 1912ರಿಂದ ಆನೆಯನ್ನು ತಿದ್ದಿ ಅಚ್ಚು ಹಾಕಿತು. ಸಂಗ್ರಾಹಕರು ಅದನ್ನು ಇವತ್ತಿಗೂ 'ಪಿಗ್ ರುಪೀ' ಎನ್ನುತ್ತಾರೆ. ಅದಕ್ಕೆ ತದ್ವಿರುದ್ಧ 1917ರಿಂದ 1920ರ ರೂಪಾಯಿಗಳು. ಮೊದಲ ಮಹಾಯುದ್ಧದ ಸಮಯದಲ್ಲಿ ಬೆಳ್ಳಿಗೆ ಹಾಹಾಕಾರ ಎದ್ದು, ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಇಲ್ಲಿ ಕೋಟಿಗಟ್ಟಲೆ ರೂಪಾಯಿಯಾಯಿತು. ಆದ್ದರಿಂದ 1918 ಎಷ್ಟು ಹಳೆಯದಾದರೂ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ಇರುತ್ತದೆ. ಮುಂಬಯಿಯ 1921, 1922 ಅಷ್ಟು ಸುಲಭವಾಗಿ ಸಿಗುವುದಿಲ್ಲ.

ತೂಕ, ಲೋಹ

1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಬೆಳ್ಳಿ ನೂರಕ್ಕೆ 91.7. 1940ರಿಂದ 1945ರವರೆಗಿನದಕ್ಕೂ ತೂಕ ಅಷ್ಟೇ, ಬೆಳ್ಳಿ ಮಾತ್ರ ಅರ್ಧ. ಉಳಿದದ್ದು ತಾಮ್ರ, ನಿಕಲ್, ಸತು. ಇವುಗಳ ಅಂಚಿನಲ್ಲಿ ಗೆರೆಗಳ ನಡುವೆ ಒಂದು ತೋಡು ಸುತ್ತ ಹರಿದಿರುತ್ತದೆ. ಎಂಟಾಣೆ, ಪಾವಲಿಗಳಿಗೆ ತೂಕ ಕ್ರಮವಾಗಿ ಅರ್ಧ, ಕಾಲು. ಚಲಾವಣೆಯಲ್ಲಿ ಸವೆದ ರೂಪಾಯಿ 11.4, 11.3 ತೂಗಿದರೆ ತಪ್ಪೇನಿಲ್ಲ. ಅಕ್ಷರ ಚೂಪಾಗಿದ್ದೂ 11.2ಕ್ಕಿಂತ ಕಡಿಮೆ ತೂಗಿದರೆ ಮಾತ್ರ ಸಂಶಯ ಪಡಿ.

ತೂಕ ಸರಿಯಿದ್ದ ಮಾತ್ರಕ್ಕೆ ಲೋಹ ಸರಿ ಎಂದಲ್ಲ. ಸಾಂದ್ರತೆ ನೋಡುವ ಕ್ರಮ ಹೀಗೆ: ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಬಿಡಿ. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಒಣ ತೂಕವನ್ನು ಭಾಗಿಸಿ. ನಾಣ್ಯ 11.60 ಗ್ರಾಂ ಇದ್ದು, ನೀರಿನಲ್ಲಿ 1.12 ತೋರಿಸಿದರೆ ಭಾಗಲಬ್ಧ 10.36. ಹಳೆ ರೂಪಾಯಿಯ ಬೆಳ್ಳಿಗೆ ಇದು ಸರಿ. 9.5ರ ಹತ್ತಿರ ಬಂದರೆ 1940ರ ನಂತರದ ಅರ್ಧ ಬೆಳ್ಳಿ. 8.7ರಿಂದ 8.9ರ ಒಳಗೆ ಬಂದರೆ ಜರ್ಮನ್ ಸಿಲ್ವರ್, ತಾಮ್ರ, ನಿಕಲ್ ಇಂಥದ್ದೇನೋ. ನಾಣ್ಯಕ್ಕೆ ಗಾಳಿಯ ಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ಕೆಡುತ್ತದೆ, ದಾರವನ್ನು ಮೆಲ್ಲಗೆ ಅಲುಗಿಸಿ ಗುಳ್ಳೆ ಬಿಡಿಸಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಇನ್ನೂ ಅನುಮಾನವಿದ್ದರೆ ನಗರ್ತಪೇಟೆ, ಅವೆನ್ಯೂ ರಸ್ತೆಯ ಕಡೆ ಚಿನ್ನ ಬೆಳ್ಳಿ ಪರೀಕ್ಷಿಸುವ ಅಂಗಡಿಗಳಿಗೆ ಒಯ್ಯಿರಿ. ಯಂತ್ರದಲ್ಲಿ ಇಟ್ಟು ನೋಡುವ ಪರೀಕ್ಷೆಯನ್ನೇ ಕೇಳಿ. ಒರೆಗಲ್ಲಿಗೆ ಉಜ್ಜಲು, ಅಂಚು ಕೆರೆಯಲು ಬಿಡಬೇಡಿ.

ಸ್ಥಿತಿಗೆ ದರ್ಜೆ

ಇದು ಬೆಲೆ ಕಟ್ಟುವುದರಲ್ಲೇ ಅತಿ ಕಷ್ಟದ ಭಾಗ, ಇಲ್ಲೇ ಎಲ್ಲರೂ ತಮ್ಮ ನಾಣ್ಯಕ್ಕೆ ಒಂದು ಮೆಟ್ಟಿಲು ಹೆಚ್ಚು ಕೊಟ್ಟುಕೊಳ್ಳುವುದು. ಪೇಟೆಯಲ್ಲಿ ಓಡುವ ದರ್ಜೆಗಳು ಕೆಳಗಿನಿಂದ ಮೇಲಕ್ಕೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಎಯು (ಹೆಚ್ಚುಕಡಿಮೆ ಚಲಾವಣೆ ಕಾಣದ್ದು), ಯುಎನ್‌ಸಿ (ಚಲಾವಣೆಯನ್ನೇ ಕಾಣದ್ದು). ದೀಪವನ್ನು ಒಂದು ಬದಿಗೆ ತಗ್ಗಿಸಿ ಇಟ್ಟು, ನಾಣ್ಯವನ್ನು ಮೆಲ್ಲಗೆ ಓರೆ ಮಾಡುತ್ತಾ ನೋಡಿ. ಮೊದಲು ಸವೆಯುವುದು ಎತ್ತರದ ಜಾಗ: ವಿಕ್ಟೋರಿಯಾಳ ಕಿವಿಯ ಮೇಲಿನ ಕೂದಲು ಮತ್ತು ಎದೆಯ ಕಸೂತಿ, ಎಡ್ವರ್ಡ್‌ನ ಕಣತಲೆಯ ಕೂದಲು, ಐದನೇ ಜಾರ್ಜ್‌ನ ಕಿರೀಟದ ಮಣಿಸಾಲು, ಕಿವಿ, ನಿಲುವಂಗಿಯ ಆನೆ.

ಆ ಆನೆಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಆನೆಯಿದೆ ಎಂದಷ್ಟೇ ಕಂಡು, ಮೈ ಚಪ್ಪಟೆಯಾಗಿದ್ದರೆ ಫೈನ್. ಕಾಲುಗಳು ಬೇರೆ ಬೇರೆಯಾಗಿ ಕಂಡರೂ ತಲೆ ಅಳಿಸಿದ್ದರೆ ವೆರಿ ಫೈನ್. ಸೊಂಡಿಲು, ಕಿವಿ, ಮೈಮೇಲಿನ ಜೂಲಿನ ಗೆರೆ ಎಲ್ಲ ಇದ್ದು ಬೆನ್ನಿನ ಮೇಲೆ ಮಾತ್ರ ಸ್ವಲ್ಪ ಸವೆದಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಎಲ್ಲೂ ಸವೆತವಿಲ್ಲದೆ, ಓರೆ ಮಾಡಿದಾಗ ಬಯಲು ಜಾಗದ ಮೇಲೆ ಬೆಳಕು ಚಕ್ರದ ಅರಗಳಂತೆ ತಿರುಗಿದರೆ ಯುಎನ್‌ಸಿ. ಈ ತಿರುಗುವ ಹೊಳಪು ಉಜ್ಜಿದ ನಾಣ್ಯದಲ್ಲಿ ಇರುವುದಿಲ್ಲ. ಅಲ್ಲಿ ಹೊಳಪು ಇಡೀ ಮೈಮೇಲೆ ಒಂದೇ ಸಮ ನಿಂತಿರುತ್ತದೆ.

ದರ್ಜೆಯ ಜೊತೆಗೆ ಊನಗಳನ್ನೂ ಬರೆಯಿರಿ. ಕಾಸಿನ ಸರಕ್ಕೆ ಪೋಣಿಸಿದ್ದ ನಾಣ್ಯಗಳಲ್ಲಿ ಮೇಲಿನ ಅಂಚಿಗೆ ಕೊಂಡಿಯ ಬೆಸುಗೆ ಇದ್ದ ಗುರುತು ಉಳಿದಿರುತ್ತದೆ. ಅದನ್ನು ಉಜ್ಜಿ ತೆಗೆದಿದ್ದರೂ ಅಂಚಿನ ಗೆರೆಗಳು ಆ ಜಾಗದಲ್ಲಿ ಮಾಯವಾಗಿರುತ್ತವೆ. ತೂತು, ಮುಚ್ಚಿದ ತೂತು, ಶರಾಫರು ಬೆಳ್ಳಿ ನೋಡಲು ಒತ್ತಿದ ಸಣ್ಣ ಮುದ್ರೆ, ಇವೆಲ್ಲ ಬೆಲೆ ಇಳಿಸುತ್ತವೆ. ಆದರೆ 1943ರಿಂದ 1947ರ ಒಂದು ಕಾಸಿನ ನಡುವಿನ ತೂತು ಊನವಲ್ಲ. ತೂತಿನ ಕಾಸನ್ನು ಟಂಕಿಸಿದ್ದೇ ಹಾಗೆ.

ಲೆಕ್ಕ ಹಾಕುವುದು

ಮೊದಲು ತಳದ ಬೆಲೆ. ಮುಂಬಯಿ ಗುರುತಿನ 1919ರ ರೂಪಾಯಿ, ತೂಕ 11.52 ಗ್ರಾಂ ಎಂದಿಟ್ಟುಕೊಳ್ಳಿ. 0.917ರಿಂದ ಗುಣಿಸಿದರೆ ಶುದ್ಧ ಬೆಳ್ಳಿ 10.56 ಗ್ರಾಂ. ಲೆಕ್ಕದ ಸುಲಭಕ್ಕೆ ಗ್ರಾಮಿಗೆ 100 ರೂಪಾಯಿ ಹಿಡಿದರೆ 1,056 ರೂಪಾಯಿ. ಆ ದಿನದ ಬೆಳ್ಳಿ ದರ ಹಾಕಿ ಇದನ್ನೇ ಮಾಡಿ. ಬೆಳ್ಳಿ ಅಂಗಡಿಯವರು ಕರಗಿಸುವ ಖರ್ಚು ಕಳೆದು ಇದಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತಾರೆ. ಸಂಗ್ರಾಹಕ ಇದಕ್ಕಿಂತ ಕಡಿಮೆ ಕೇಳಿದರೆ ಕೊಡುವ ಅಗತ್ಯವಿಲ್ಲ. 1940ರ ನಂತರದ ರೂಪಾಯಿಯಲ್ಲಿ ಬೆಳ್ಳಿ 5.83 ಗ್ರಾಂ ಮಾತ್ರ. ಗಾಂಧೀಜಿ ಜನ್ಮಶತಾಬ್ದಿಯ 1969ರ ಹತ್ತು ರೂಪಾಯಿಯ ತೂಕ 15 ಗ್ರಾಂ, ಅದರಲ್ಲಿ 12 ಗ್ರಾಂ ಬೆಳ್ಳಿ.

ಮುಂದಿನದು ಪೇಟೆಯ ಬೆಲೆ. ನ್ಯೂಮಿಸ್ಟಾ ಜಾಲತಾಣದಲ್ಲಿ ನಾಣ್ಯವನ್ನು ಹುಡುಕಿ ಅದರ ಕೆ.ಎಂ. ಸಂಖ್ಯೆ (ನಾಣ್ಯಗಳ ಕ್ಯಾಟಲಾಗಿನಲ್ಲಿ ಆ ಬಗೆಗೆ ಕೊಟ್ಟ ಸಂಖ್ಯೆ) ಬರೆದುಕೊಳ್ಳಿ. ಹರಾಜಿನ ಪಟ್ಟಿಗಳಲ್ಲಿ ಹುಡುಕಲು ಅದು ಬೇಕು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾದಂಥ ಹರಾಜು ಸಂಸ್ಥೆಗಳ ಹಳೆಯ ಹರಾಜುಗಳಲ್ಲಿ ಇದೇ ಇಸವಿ, ಇದೇ ಟಂಕಸಾಲೆ, ಇದೇ ದರ್ಜೆಯದು ಎಷ್ಟಕ್ಕೆ ಹೋಯಿತು ನೋಡಿ. ಅಂದಾಜು ಬೆಲೆ ಬೇಡ, ಕೂಗಿ ಮುಗಿದ ಬೆಲೆ ಬೇಕು. ಕನಿಷ್ಠ ಮೂರು ಮಾರಾಟ ಸಿಗುವವರೆಗೆ ಹುಡುಕಿ. ಅತಿ ಹೆಚ್ಚಿನದನ್ನು ಬಿಟ್ಟುಬಿಡಿ, ಇಬ್ಬರು ಹಟಕ್ಕೆ ಬಿದ್ದ ದಿನದ ಬೆಲೆ ಅದಾಗಿರಬಹುದು. ಕೊಂಡವರು ಅದರ ಮೇಲೆ ಸಂಸ್ಥೆಗೆ ಕಮಿಷನ್, ತೆರಿಗೆ ಕೊಟ್ಟಿರುತ್ತಾರೆ. ಮಾರುವವರ ಕೈಗೆ ಬರುವಾಗಲೂ ಕಮಿಷನ್ ಕಳೆಯುತ್ತದೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಯಾರೋ ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದ್ದರೆ ಅದನ್ನು ಬಳಸಿ.

ಮೈಸೂರು, ವಿಜಯನಗರದ ನಾಣ್ಯಗಳು

ಕನ್ನಡ ಓದಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಬರೆದು, ಪಕ್ಕದಲ್ಲಿ ಕನ್ನಡ ಅಂಕಿ ಹಾಕಿದ್ದಾರೆ. ಮುಂಬದಿಯಲ್ಲಿ ಆನೆ ಅಥವಾ ಸಿಂಹ, ಕೆಲವುದರ ಮೇಲೆ 'ಶ್ರೀ ಚಾಮುಂಡಿ'. ಇವು ಕೈಯಲ್ಲಿ ಅಚ್ಚೊತ್ತಿದವು, ಅಚ್ಚು ಪಕ್ಕಕ್ಕೆ ಜಾರಿ ಅರ್ಧ ಬರಹ ಹೊರಗೆ ಉಳಿದಿರುತ್ತದೆ. ಆದ್ದರಿಂದ ಇಲ್ಲಿ ಸವೆತಕ್ಕಿಂತ ಮುಖ್ಯ ಬಿಲ್ಲೆಯ ಮೇಲೆ ಎಷ್ಟು ಚಿತ್ರ, ಎಷ್ಟು ಬರಹ ಕೂತಿದೆ ಎಂಬುದು. ಆನೆ ಪೂರ್ತಿಯಿದ್ದು ಅಂಕಿಯೂ ಓದಲು ಬಂದರೆ ಅದೇ ಬಗೆಯ ಅರೆಬರೆ ನಾಣ್ಯಕ್ಕಿಂತ ಎಷ್ಟೋ ಪಟ್ಟು ಬೆಲೆ.

ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲೂ ಆನೆಯೇ. ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ ಬರೆದುಕೊಳ್ಳಿ. ಹಿಂದಿನ ಪಾರಸಿ ಬರಹದಲ್ಲಿ ಟಂಕಸಾಲೆಯ ಹೆಸರಿದೆ. ಪಟನ್ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು. ಶ್ರೀರಂಗಪಟ್ಟಣದವು ಹೇರಳ, ಸಣ್ಣ ಟಂಕಸಾಲೆಗಳವು ಅಪರೂಪ. ಆಳ್ವಿಕೆಯ ಐದನೇ ವರ್ಷದಿಂದ ಟಿಪ್ಪು ಮೌಲೂದಿ ಶಕ ಎಂಬ ಹೊಸ ಕಾಲಗಣನೆ ತಂದು 1215ರಿಂದ ಎಣಿಕೆ ಶುರು ಮಾಡಿದ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1218 ಇರಬೇಕಾದಲ್ಲಿ ಕಣ್ಣಿಗೆ ಕಾಣುವುದು 8121. ಇದು ಗೊತ್ತಿಲ್ಲದವರು ಇಸವಿಯೇ ತಪ್ಪು, ನಾಣ್ಯ ನಕಲಿ ಎಂದುಕೊಂಡುಬಿಡುತ್ತಾರೆ.

ವಿಜಯನಗರದ ವರಹ ಸುಮಾರು 3.4 ಗ್ರಾಂ, ಅರ್ಧ ವರಹ 1.7. ನಕಲಿ ಮಾಡುವವರು ಇದನ್ನು ಅಸಲಿ ಚಿನ್ನದಲ್ಲೇ, ಸರಿಯಾದ ತೂಕದಲ್ಲೇ ಮಾಡುತ್ತಾರೆ, ಏಕೆಂದರೆ ಲಾಭ ಇರುವುದು ಚಿನ್ನದ ಮೇಲಲ್ಲ. ಆದ್ದರಿಂದ ತೂಕ, ಸಾಂದ್ರತೆ ಇಲ್ಲಿ ಸಾಲುವುದಿಲ್ಲ. ಅಚ್ಚಿನ ಶೈಲಿ, ನಾಗರಿ ಅಕ್ಷರಗಳ ಬಳುಕು ಬಲ್ಲವರೇ ನೋಡಬೇಕು. ಬೆಲೆಬಾಳುವ ಚಿನ್ನದ ನಾಣ್ಯವನ್ನು ಎನ್‌ಜಿಸಿ, ಪಿಸಿಜಿಎಸ್‌ನಂಥ ದರ್ಜೆ ನೀಡುವ ಸಂಸ್ಥೆಯ ಮೊಹರು ಮಾಡಿದ ಪೆಟ್ಟಿಗೆಯಲ್ಲಿ ಮಾರುವುದು ಒಳ್ಳೆಯದು. ಐದಾರು ನೂರು ರೂಪಾಯಿಯ ನಾಣ್ಯಕ್ಕೆ ಆ ಖರ್ಚು ದಂಡ.

ನಕಲಿ, ವದಂತಿ, ಮೋಸ

ಎರಕದ ನಕಲಿಯಲ್ಲಿ ಅಂಚಿನ ಸುತ್ತ ಸಣ್ಣ ಕೂಡುಗೆರೆ, ಬಯಲು ಜಾಗದಲ್ಲಿ ಸೂಜಿಮೊನೆಯಂಥ ಗುಳಿ, ಸೋಪಿನಂತೆ ಮೊಂಡಾದ ಅಕ್ಷರ ಇರುತ್ತವೆ. 1939ರ ರೂಪಾಯಿ ಎಂದು ಬರುವುದರಲ್ಲಿ 1938ರ ಕೊನೆಯ ಅಂಕಿಯನ್ನು ಕೆತ್ತಿ ಒಂಬತ್ತು ಮಾಡಿದವು ಇವೆ. ಆ ಅಂಕಿಯ ಸುತ್ತ ಗೀರು, ಬಣ್ಣದ ವ್ಯತ್ಯಾಸ ಹುಡುಕಿ. 1939ರ ಎಂಟಾಣೆ, ಪಾವಲಿಗೆ ಆ ಅಪರೂಪ ಅನ್ವಯಿಸುವುದಿಲ್ಲ.

ಈಸ್ಟ್ ಇಂಡಿಯಾ ಕಂಪನಿ ಹೆಸರಿನಲ್ಲಿ ರಾಮಸೀತೆ, ಹನುಮಂತ, ಲಕ್ಷ್ಮಿ ಇರುವ 1616, 1717, 1818ರ ಬಿಲ್ಲೆಗಳನ್ನು ಕಂಪನಿ ಟಂಕಿಸಿಯೇ ಇಲ್ಲ. ಅವು ಪೂಜೆಗೆಂದು ಆಮೇಲೆ ಮಾಡಿದವು, ಭಕ್ತಿಯಿಂದ ಇಟ್ಟುಕೊಳ್ಳಬಹುದು. ವೈಷ್ಣೋದೇವಿಯ ಐದು, ಹತ್ತು ರೂಪಾಯಿ, ಘೇಂಡಾಮೃಗದ 25 ಪೈಸೆ, 'ಎಚ್' ಗುರುತಿನ 1985ರ ಒಂದು ರೂಪಾಯಿಗೆ ಲಕ್ಷ ಸಿಗುತ್ತದೆಂಬ ವಿಡಿಯೊಗಳೆಲ್ಲ ಸುಳ್ಳು. ಅವು ಅಪಾರ ಸಂಖ್ಯೆಯಲ್ಲಿ ಟಂಕವಾದವು.

ಹಳೆ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ನೋಂದಣಿ ಶುಲ್ಕ, ತೆರಿಗೆ ಕೇಳುವವರು ವಂಚಕರು. ಬ್ಯಾಂಕು 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿದೆ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದು ನೆನಪಿರಲಿ. ಅಕ್ಕಿಕಾಳು ಸೆಳೆಯುವ 'ರೈಸ್ ಪುಲ್ಲಿಂಗ್' ನಾಣ್ಯ, ಇರಿಡಿಯಂ ನಾಣ್ಯ ಎಂದು ಕೋಟಿಯ ಮಾತಾಡುವವರಿಂದ ಮನೆಮಠ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಇದ್ದಾರೆ. ಅಂಥ ನಾಣ್ಯವೇ ಇಲ್ಲ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯಡಿ ಪುರಾವಸ್ತು, ಅನುಮತಿಯಿಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ. ಹಾಗಾಗಿ ವಿದೇಶದ ಹರಾಜಿನ ಬೆಲೆ ನೋಡಿ ಇಲ್ಲಿ ಆಸೆಪಡಬೇಡಿ. ಹೊಲ ಉಳುವಾಗ, ಪಾಯ ಅಗೆಯುವಾಗ ಸಿಕ್ಕಿದ ನಾಣ್ಯಗಳು ನಿಧಿ ಎನಿಸುತ್ತವೆ, ಆಡಳಿತಕ್ಕೆ ತಿಳಿಸಬೇಕು.

ಮಾರುವ ಮುಂಚೆ

ಪ್ರತಿ ನಾಣ್ಯಕ್ಕೂ ಒಂದು ಚೀಟಿ ಮಾಡಿ: ಇಸವಿ, ಟಂಕಸಾಲೆ, ತೂಕ, ವ್ಯಾಸ, ದರ್ಜೆ, ಊನ, ಬೆಳ್ಳಿಯ ಬೆಲೆ, ಹರಾಜಿನ ಬೆಲೆ. ಎರಡೂ ಬದಿಯ ಚಿತ್ರ ತೆಗೆದಿಡಿ. ಮೆತ್ತನೆಯ ಪಿವಿಸಿ ಆಲ್ಬಮ್‌ನಲ್ಲಿ ಇಡಬೇಡಿ, ಕೆಲವೇ ವರ್ಷಕ್ಕೆ ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ. ಮೈಲಾರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಕಿಟಕಿಯಿರುವ ರಟ್ಟಿನ ಚೌಕಗಳನ್ನೇ ಬಳಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ನಗರದಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಒಂದೇ ದಿನ ಮೂರ್ನಾಲ್ಕು ವರ್ತಕರಿಗೆ ತೋರಿಸಿ. ಮೊದಲು ನಿಮ್ಮ ಅಂದಾಜು ಹೇಳಬೇಡಿ, ಅವರ ಬೆಲೆ ಕೇಳಿ. ಸಾವಿರಕ್ಕೆ ಮಾರುವ ನಾಣ್ಯವನ್ನು ವರ್ತಕ ಸಾವಿರಕ್ಕೇ ಕೊಳ್ಳಲಾರ, ಅವನಿಗೂ ಬಾಡಿಗೆ, ಬಂಡವಾಳ ಇದೆ. ಆದರೆ ಒಬ್ಬನ ಬೆಲೆಗೂ ಇನ್ನೊಬ್ಬನದಕ್ಕೂ ದುಪ್ಪಟ್ಟು ಅಂತರವಿದ್ದರೆ ನಿಮ್ಮ ಗುರುತಿಸುವಿಕೆಯನ್ನೇ ಇನ್ನೊಮ್ಮೆ ನೋಡಿ. ಅವರಲ್ಲೊಬ್ಬರು ಏನನ್ನೋ ಕಂಡಿದ್ದಾರೆ. 'ಒಟ್ಟಿಗೆ ಇಷ್ಟು ಕೊಡ್ತೀನಿ' ಎಂದರೆ ಒಪ್ಪಬೇಡಿ. ಇಡೀ ಡಬ್ಬಿಯ ಬೆಲೆ ಎರಡೇ ನಾಣ್ಯದಲ್ಲಿ ಇರುವುದು ಸಾಮಾನ್ಯ, ಮಿಕ್ಕವನ್ನು ಬೆಳ್ಳಿಯ ತೂಕಕ್ಕೆ ಕೊಟ್ಟರೂ ನಷ್ಟವಿಲ್ಲ. ಅಂಥ ಎರಡನ್ನು ಹರಾಜಿಗೆ ಕೊಡುವಾಗ ಕನಿಷ್ಠ ಬೆಲೆ, ಕಮಿಷನ್ನಿನ ಪ್ರಮಾಣ, ಹಣ ಕೊಡುವ ದಿನ, ಮಾರಾಟವಾಗದಿದ್ದರೆ ವಾಪಸು ಕೊಡುವ ಗಡುವು ಎಲ್ಲವನ್ನೂ ರಸೀದಿಯಲ್ಲಿ ಬರೆಸಿ. ನಾಣ್ಯದ ತೂಕ ಮತ್ತು ಚಿತ್ರವೂ ಆ ರಸೀದಿಯ ಜೊತೆಗೇ ಇರಲಿ.